ಅಂಗೈಯ ಸೊನ್ನೆ

ಪರೀಕ್ಷೆಯೆಂಬ ಮಾತನ್ನು ಕೇಳಿದೊಡನೆ ಎದೆ ಒಂದು ಕ್ಷಣವಾದರೂ ಅದುರದಂತಹ ವಿದ್ಯಾವಂತರನ್ನು ನಾವು ಇದುವರೆಗೆ ಕಂಡಿಲ್ಲ. ತಲೆ ನರೆತು, ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಬಂದ ಮೇಲೆಯೂ, ಉತ್ತರವನ್ನು ಬರೆದು ಮುಗಿಸುವ ಮೊದಲೇ ಗಂಟೆ ಬಾರಿಸಿದಂತೆ ಕನಸು ಕಂಡು ಬೆವತು ಎಚ್ಚರಗೊಳ್ಳುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಹೀಗೆ ಬಾಳಿನ ಕೊನೆಯವರೆಗೂ ಮನುಷ್ಯನ ಬೆನ್ನುಹತ್ತಿ ಬರುವ ಈ ಪದ್ಧತಿ ನಮ್ಮ ನಾಡಿನಲ್ಲಿ ಎಂದಿನಿಂದಲೂ ಇದ್ದುದೇ? ಅದು ನಿಜವಾಗಿ ಅಳೆಯುವುದು ಏನನ್ನು? ಅದು ಕೊಡುವ ತೀರ್ಪನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ಈ ಮೂರು ಪ್ರಶ್ನೆಗಳನ್ನು ಇತಿಹಾಸದ ಮುಂದಿಟ್ಟು, ಅದು ಕೊಡುವ ಉತ್ತರವನ್ನು ಕೇಳಬೇಕೆಂಬುದು ನಮ್ಮ ಉದ್ದೇಶ.

ಮೊದಲು ಬಳ್ಳಾರಿಯಿಂದ ಆರಂಭಿಸೋಣ. 1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು, ತಮ್ಮ ಆಧಿಪತ್ಯದ ಜಿಲ್ಲೆಗಳಲ್ಲಿ ಎಷ್ಟು ಪಾಠಶಾಲೆಗಳಿವೆ, ಅವುಗಳಲ್ಲಿ ಏನನ್ನು ಕಲಿಸುತ್ತಾರೆ ಎಂಬುದನ್ನು ವಿಚಾರಿಸಿ ತಿಳಿಸಬೇಕೆಂದು ಕಲೆಕ್ಟರುಗಳಿಗೆ ಅಪ್ಪಣೆ ಮಾಡಿದರು. ಆಗ ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿಯು ಮಿಕ್ಕವುಗಳಿಗಿಂತ ವಿಸ್ತಾರವಾದುದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು. ಓದುತ್ತಿದ್ದ ಮಕ್ಕಳ ಸಂಖ್ಯೆ 6,641. ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರವನ್ನು ಮೀರಿದ್ದುದರಿಂದ, ಸುಮಾರು 140 ಜನಕ್ಕೆ ಒಬ್ಬ ವಿದ್ಯಾರ್ಥಿಯಂತೆ ಲೆಕ್ಕ ಬರುತ್ತದೆ. ಹಿಂದಿನ ಕಾಲದಲ್ಲಿ ಎಲ್ಲರೂ ಓದಿದವರಾಗಿದ್ದರೆಂದು ಹೇಳುವವರೂ, ಇಂಗ್ಲಿಷರು ಬರುವ ಮೊದಲು ಇಲ್ಲಿ ಶಾಲೆಯೇ ಇರಲಿಲ್ಲವೆಂದು ಹೇಳುವವರೂ ಈ ಒಂದು ವರದಿಯನ್ನು ಓದಿದರೆ ಸಾಕು. ಇಬ್ಬರ ಭ್ರಮೆಯೂ ಹರಿಯುವುದು.

ಆ ವರದಿಯಲ್ಲಿ ಒಂದು ಸಣ್ಣ ಸಂಗತಿ ಇದೆ. ನಮ್ಮ ಮನಸ್ಸಿಗೆ ಅಂಟಿಕೊಂಡದ್ದು ಅದೇ. ಬೆಳಗಿನ ಜಾವ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಾಗಿ ಬಂದವನ ಅಂಗೈಯ ಮೇಲೆ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ ಎಂಬುದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು; ನಾಲ್ಕನೆಯವನಿಗೆ ಎರಡು; ಹೀಗೆಯೇ ಹಿಂದೆ ಬಂದಂತೆಲ್ಲ ಒಂದೊಂದು ಹೆಚ್ಚು. ಇನ್ನೂ ನಿದ್ದೆ ತಿಳಿಯದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಓಡಿ ಬರುತ್ತಿದ್ದ ಆ ಮಕ್ಕಳಲ್ಲಿ ಒಬ್ಬನಿಗೆ ಸರಸ್ವತಿ, ಒಬ್ಬನಿಗೆ ಸೊನ್ನೆ, ಉಳಿದವರಿಗೆಲ್ಲ ಛಡಿ! ನಾವು ಇಂದು ದರ್ಜೆ, ಸ್ಥಾನ, ಅಂಕವೆಂದು ಕರೆಯುವುದರ ಬೀಜ ಇಲ್ಲಿಯೇ ಇದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಕೈಯನ್ನು ತೊಳೆದರೆ ಆ ಸೊನ್ನೆ ಹೋಗುತ್ತಿತ್ತು. ನಾಳೆ ಬೇಗ ಎದ್ದು ಬಂದರೆ ಅದೇ ಅಂಗೈಯ ಮೇಲೆ ಸರಸ್ವತಿ ಮೂಡುತ್ತಿದ್ದಳು.

ನಮ್ಮ ಕೂಲಿಮಠಗಳಲ್ಲಿ ಪರೀಕ್ಷೆ ಇರಲಿಲ್ಲವೆಂದಲ್ಲ. ಮಕ್ಕಳು ಮರಳಿನ ಮೇಲೆ ಅಕ್ಷರಗಳನ್ನು ತಿದ್ದಿ, ಮಗ್ಗಿಯನ್ನೂ ಲೆಕ್ಕವನ್ನೂ ಬಾಯಿಪಾಠ ಮಾಡಿ, ಐಗಳ ಮುಂದೆ ಕೈಕಟ್ಟಿ ನಿಂತು ನಿತ್ಯವೂ ಪಾಠವನ್ನು ಒಪ್ಪಿಸಬೇಕಾಗಿತ್ತು. ಒಪ್ಪಿಸದಿದ್ದವನಿಗೆ ಬಗ್ಗಿ ನಿಲ್ಲುವುದು, ಕೋದಂಡಕ್ಕೆ ಜೋತುಬೀಳುವುದು ಮೊದಲಾದ ಶಿಕ್ಷೆಗಳು ಕಾದಿರುತ್ತಿದ್ದವು. ಅರ್ಥ ತಿಳಿಯದೆ ಗಿಳಿಯಂತೆ ಉರುಹೊಡೆಯುತ್ತಾರೆಂಬ ದೂರನ್ನು ಕ್ಯಾಂಪ್‌ಬೆಲ್ ಅವರೂ ಬರೆದಿದ್ದಾರೆ. ಆದುದರಿಂದ ಆ ಕಾಲವನ್ನು ಸತ್ಯಯುಗವೆಂದು ಬಣ್ಣಿಸುವ ಆಸೆ ನಮಗಿಲ್ಲ. ಆದರೆ ಅಲ್ಲಿ ಪಾಠ ಹೇಳಿದವನೇ ಪರೀಕ್ಷಕನಾಗಿದ್ದನು. ಮಗುವಿನ ಮುಖವನ್ನು ನೋಡಿಯೇ ಪರೀಕ್ಷಿಸುತ್ತಿದ್ದನು. ಓದು ಮುಗಿಯಿತೆಂಬುದಕ್ಕೆ ಯಾವ ಕಾಗದವೂ ಇರಲಿಲ್ಲ. ಹುಡುಗನು ಕಾಗದ ಪತ್ರಗಳನ್ನು ಓದಬಲ್ಲನೇ, ಅಂಗಡಿಯ ಲೆಕ್ಕವನ್ನು ತಪ್ಪಿಲ್ಲದೆ ಬರೆಯಬಲ್ಲನೇ ಎಂಬುದನ್ನು ಕೆಲಸ ಕೊಡುವವನು ಅವನ ಕೆಲಸವನ್ನು ನೋಡಿಯೇ ತಿಳಿಯುತ್ತಿದ್ದನು.

ಮುದ್ರಿತವಾದ ಪ್ರಶ್ನಪತ್ರಿಕೆ, ಹೆಸರಿಲ್ಲದ ಉತ್ತರಪತ್ರಿಕೆ, ಮುಖವನ್ನೇ ಕಾಣದ ಪರೀಕ್ಷಕ, ಇವುಗಳು ಕೂಡಿದ ಪದ್ಧತಿ ನಮ್ಮಲ್ಲಿಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ರಾಜ್ಯದ ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯಿಂದ ಆರಿಸುವ ಏರ್ಪಾಡು ಚೀನಾ ದೇಶದಲ್ಲಿ ಹದಿಮೂರು ಶತಮಾನಗಳಷ್ಟು ಹಳೆಯದು. ಅದನ್ನು ಅವರು 1905ರಲ್ಲಿ ರದ್ದುಮಾಡಿದರು. ಇಂಗ್ಲಿಷರ ಆಡಳಿತದಲ್ಲಿ ಇಂಡಿಯಾದ ದೊಡ್ಡ ಹುದ್ದೆಗಳು ಬಹುಕಾಲ ಕಂಪೆನಿಯ ಡೈರೆಕ್ಟರುಗಳ ಕೃಪೆಗೆ ಪಾತ್ರರಾದವರಿಗೆ ಸಲ್ಲುತ್ತಿದ್ದವು. ಅಣ್ಣನ ಮಗ, ತಂಗಿಯ ಮೈದುನ, ಗೆಳೆಯನ ಅಳಿಯ, ಇಂಥವರಿಗೆ ಇಡೀ ಜಿಲ್ಲೆಗಳೇ ಒಪ್ಪಿಸಲ್ಪಡುತ್ತಿದ್ದವು. 1854ರಲ್ಲಿ ಮೆಕಾಲೆಯವರ ಸಮಿತಿಯು ಈ ಕೃಪೆಯ ಬದಲು ಸ್ಪರ್ಧಾಪರೀಕ್ಷೆಯನ್ನು ಇಡಬೇಕೆಂದು ಸಲಹೆಮಾಡಿತು. ಮರುವರ್ಷವೇ ಅದು ಆಚರಣೆಗೆ ಬಂದಿತು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಲಂಡನ್ನಿಗೆ ಹೋಗಿ ಆ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಸಿವಿಲ್ ಸರ್ವಿಸಿಗೆ ಸೇರಿದ ಮೊದಲನೆಯ ಭಾರತೀಯರಾದರು. ಬಾಗಿಲು ಕಿರಿದಾಗಿತ್ತು, ಸಮುದ್ರದಾಚೆ ಇತ್ತು, ನಿಜ. ಆದರೂ ಅದು ಬಾಗಿಲು. ಕೃಪೆಯೆಂಬ ಗೋಡೆಯಲ್ಲಿ ಅದೂ ಇರಲಿಲ್ಲ. ಪರೀಕ್ಷೆಯನ್ನು ನಿಂದಿಸುವವರು ಅದು ಮಾಡಿದ ಈ ಉಪಕಾರವನ್ನು ಮರೆಯಬಾರದು.

1854ರಲ್ಲಿಯೇ ಚಾರ್ಲ್ಸ್ ವುಡ್ ಅವರ ವಿದ್ಯಾ ಸಂಬಂಧವಾದ ನಿರೂಪವೂ ಬಂದಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಅವುಗಳಿಗೆ ಮಾದರಿಯಾಗಿದ್ದುದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ಅದು ಪಾಠ ಹೇಳುವ ಸಂಸ್ಥೆಯಾಗಿರದೆ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಯಾಗಿತ್ತು. ಹೀಗಾಗಿ ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯವೆಂದರೆ ಮೊದಲು ಪರೀಕ್ಷೆ, ಆಮೇಲೆ ಪಾಠ ಎಂಬಂತಾಯಿತು. ಕಲ್ಕತ್ತೆಯ ಮೊದಲನೆಯ ಬಿ.ಎ. ಪರೀಕ್ಷೆ 1858ರಲ್ಲಿ ನಡೆದಾಗ ಒಬ್ಬರೂ ನೇರವಾಗಿ ತೇರ್ಗಡೆಯಾಗಲಿಲ್ಲ. ಆರು ವಿಷಯಗಳ ಪೈಕಿ ಐದರಲ್ಲಿ ಚೆನ್ನಾಗಿ ಮಾಡಿ ಆರನೆಯದರಲ್ಲಿ ಏಳಕ್ಕಿಂತ ಹೆಚ್ಚಿಲ್ಲದಷ್ಟು ಅಂಕಗಳಿಂದ ಹಿಂದೆ ಬಿದ್ದ ಇಬ್ಬರಿಗೆ, ವಿಶೇಷ ಅನುಗ್ರಹದಿಂದ ಪದವಿಯನ್ನು ಕೊಟ್ಟರು. ಆ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ವಂಗ ಸಾಹಿತ್ಯಕ್ಕೆ ಹೊಸ ದಾರಿಯನ್ನು ತೆರೆದ ಆ ಮಹಾಪುರುಷರ ಪದವಿಯೂ ಕೃಪಾಂಕದ ಪದವಿಯೇ! ಆ ಏಳು ಅಂಕಗಳನ್ನು ಕೊಟ್ಟವರು ಬಂಕಿಮರನ್ನು ಗುರುತಿಸಿ ಕೊಟ್ಟರೆಂದು ನಾವು ತಿಳಿಯಬೇಕಾಗಿಲ್ಲ. ತಮ್ಮ ಅಳತೆಗೋಲು ಅಷ್ಟು ನಿಖರವಾದುದಲ್ಲವೆಂಬ ಅರಿವು ಅವರಿಗಿತ್ತೆಂದು ತಿಳಿದರೆ ಸಾಕು.

ನಮ್ಮ ಮೈಸೂರಿನ ವಿದ್ಯಾರ್ಥಿಗಳು 1916ರ ವರೆಗೆ ಮದರಾಸಿನ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ಕುಳಿತುಕೊಳ್ಳಬೇಕಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಮೈಸೂರಿನ ಮಹಾರಾಜರ ಕಾಲೇಜಿನಲ್ಲಿಯೂ ಎಂತಹ ಅಧ್ಯಾಪಕರಿದ್ದರೂ ಪಾಠವನ್ನು ನಿರ್ಣಯಿಸುತ್ತಿದ್ದವರು ಮದರಾಸಿನಲ್ಲಿ ಪ್ರಶ್ನಪತ್ರಿಕೆಯನ್ನು ತಯಾರಿಸುತ್ತಿದ್ದವರು. 1902ರ ವಿಶ್ವವಿದ್ಯಾನಿಲಯಗಳ ಆಯೋಗವು, ಈ ದೇಶದಲ್ಲಿ ಪರೀಕ್ಷೆಯು ಪಾಠಕ್ಕೆ ಅಧೀನವಾಗಿರುವ ಬದಲು ಪಾಠವೇ ಪರೀಕ್ಷೆಗೆ ಅಧೀನವಾಗಿದೆಯೆಂದು ಸ್ಪಷ್ಟವಾಗಿ ಹೇಳಿತು. ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದ ಈ ಸ್ಥಿತಿಯನ್ನು ಕಂಡು ಮರುಗಿದ ಆಯೋಗಗಳು ಆಮೇಲೆಯೂ ಅನೇಕ ಬಂದುವು. ಬಂಡಿ ಮಾತ್ರ ಬಹಳ ಮಟ್ಟಿಗೆ ಹಾಗೆಯೇ ನಿಂತಿದೆ.

ಪರೀಕ್ಷೆಯ ನ್ಯಾಯವೆಂಬುದು ಎಂತಹ ಸೂಕ್ಷ್ಮವಾದ ವಿಷಯ ಎಂಬುದಕ್ಕೆ ನಮ್ಮ ಸಂಸ್ಥಾನದ ಚರಿತ್ರೆಯೇ ಸಾಕ್ಷಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಏರ್ಪಟ್ಟಿತು. ಶಿಫಾರಸಿನ ಬದಲು ಯೋಗ್ಯತೆ ಎಂಬ ತತ್ತ್ವ ಅಲ್ಲಿ ಗೆದ್ದಿತು. ಆದರೆ ತಲೆತಲಾಂತರದಿಂದ ಓದುಬರಹ ಮನೆಯಲ್ಲಿಯೇ ಇದ್ದವರು ಮಾತ್ರ ಆ ಸ್ಪರ್ಧೆಯಲ್ಲಿ ಮುಂದೆ ನಿಂತರು. ಉಳಿದ ಬಹುಸಂಖ್ಯಾತ ಜನಕ್ಕೆ ಸರ್ಕಾರದ ಬಾಗಿಲು ದೂರವಾಗಿಯೇ ಉಳಿಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಮೆಯಿಲ್ಲದಂತೆ ಹಿಂದುಳಿದ ಜನವರ್ಗಗಳವರಿಗೆ ದೊರೆಯಬೇಕೆಂದು ಆ ಸಮಿತಿ ಸಲಹೆಮಾಡಿತು. ಯೋಗ್ಯತೆಗೆ ಕುಂದು ಬರುವುದೆಂದು ಅಂದು ಪ್ರಬಲವಾದ ವಾದಗಳು ನಡೆದುವು. ಆ ವಾದದಲ್ಲಿ ಎರಡು ಪಕ್ಷದವರೂ ಒಂದು ಪ್ರಶ್ನೆಗೆ ಬಂದು ನಿಲ್ಲಬೇಕಾಯಿತು: ಪರೀಕ್ಷೆ ಅಳೆಯುವುದು ಹುಡುಗನನ್ನೋ, ಅವನು ಹುಟ್ಟಿದ ಮನೆಯನ್ನೋ? ಬೆಳಗಿನ ಜಾವ ಶಾಲೆಗೆ ಮೊದಲು ಬರುವವನು ಶಾಲೆಯ ಪಕ್ಕದ ಮನೆಯವನಾಗಿದ್ದರೆ, ಅವನ ಅಂಗೈಯ ಸರಸ್ವತಿಗೆ ಎಷ್ಟು ಬೆಲೆ? ಎರಡು ಹರದಾರಿ ನಡೆದು ಬಂದವನ ಬೆನ್ನಿನ ಏಟಿಗೆ ಏನರ್ಥ?

ಮನೆಯ ಮಾತು ಹಾಗಿರಲಿ. ಅಳತೆಗೋಲು ತಾನಾದರೂ ನೆಟ್ಟಗಿದೆಯೇ? 1888ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಎಜ್‌ವರ್ತ್ ಅವರು ಪರೀಕ್ಷೆಯ ಅಂಕಗಳನ್ನು ಸಂಖ್ಯಾಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಿದರು. ಖಗೋಳಶಾಸ್ತ್ರಜ್ಞರು ನಕ್ಷತ್ರವನ್ನು ನೋಡಿ ಅಳೆಯುವಾಗ ಒಬ್ಬೊಬ್ಬರಿಗೆ ಒಂದೊಂದಷ್ಟು ತಪ್ಪು ಬರುವಂತೆ, ಪರೀಕ್ಷಕರಿಗೂ ಬರುತ್ತದೆ. ಗಡಿಯಲ್ಲಿ ನಿಂತವರ ಸೋಲು ಗೆಲವುಗಳಲ್ಲಿ ಅದೃಷ್ಟದ ಪಾಲು ದೊಡ್ಡದು ಎಂಬುದನ್ನು ಅವರು ತೋರಿಸಿಕೊಟ್ಟರು. 1935ರಲ್ಲಿ ಸರ್ ಫಿಲಿಪ್ ಹಾರ್ಟೋಗ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಇನ್ನೂ ಮುಂದುವರಿದರು. ಹಾರ್ಟೋಗ್ ಅವರು ನಮ್ಮ ದೇಶಕ್ಕೆ ಅಪರಿಚಿತರಲ್ಲ. ಢಾಕಾ ವಿಶ್ವವಿದ್ಯಾನಿಲಯದ ಮೊದಲನೆಯ ವೈಸ್ ಛಾನ್ಸಲರಾಗಿದ್ದವರು. ಹಿಂದೆ ಒಂದೇ ಸಮನಾದ ಅಂಕಗಳನ್ನು ಪಡೆದಿದ್ದ ಚರಿತ್ರೆಯ 15 ಉತ್ತರಪತ್ರಿಕೆಗಳನ್ನು ಆರಿಸಿ, 15 ಮಂದಿ ನುರಿತ ಪರೀಕ್ಷಕರಿಗೆ ಕೊಟ್ಟರು. ಅಂಕಗಳು ದಿಕ್ಕಾಪಾಲಾಗಿ ಚೆದರಿದುವು. ಅದಕ್ಕಿಂತ ಸೋಜಿಗವಾದುದು ಮುಂದಿನ ಸಂಗತಿ. ಒಂದು ವರ್ಷಕ್ಕೂ ಮೇಲ್ಪಟ್ಟು ಕಳೆದ ಮೇಲೆ ಅದೇ ಪತ್ರಿಕೆಗಳನ್ನು ಅದೇ ಪರೀಕ್ಷಕರಲ್ಲಿ 14 ಮಂದಿಗೆ ಪುನಃ ಕೊಟ್ಟಾಗ, ಒಟ್ಟು 210 ತೀರ್ಪುಗಳಲ್ಲಿ 92 ಬದಲಾದುವು. ಪರೀಕ್ಷಕನು ಇನ್ನೊಬ್ಬನೊಡನೆ ಒಪ್ಪದಿದ್ದರೆ ಅದು ಅಭಿಪ್ರಾಯಭೇದ. ತನ್ನೊಡನೆ ತಾನೇ ಒಪ್ಪದಿದ್ದರೆ ಅದನ್ನು ಏನೆಂದು ಕರೆಯೋಣ?

ಈ ಅಂಕೆಗಳನ್ನು ನಾವು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಮನೆಯ ಅಟ್ಟದಲ್ಲಿ ಕಂಡಿದ್ದೆವು. ಅದನ್ನು ಹೇಳಿಕೊಳ್ಳಲು ನಮಗೆ ಸಂಕೋಚವಾಗುತ್ತದೆಯಾದರೂ ಹೇಳದಿರುವುದು ನ್ಯಾಯವಲ್ಲ. ಕಾವೇರಿಯ ದಡದ ಹಳ್ಳಿಯೊಂದರ ಶಾಲೆಯಲ್ಲಿ ನಾವು ಚರಿತ್ರೆಯನ್ನು ಕಲಿಸುತ್ತಿದ್ದ ದಿನಗಳು ಅವು. 1979ನೆಯ ಇಸವಿಯಲ್ಲಿ ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ, 1799ರಲ್ಲಿ ಶ್ರೀರಂಗಪಟ್ಟಣದ ಪತನಕ್ಕೆ ಕಾರಣಗಳೇನು ಎಂಬ ಹತ್ತು ಅಂಕಗಳ ಪ್ರಶ್ನೆಯನ್ನು ಕೊಟ್ಟಿದ್ದೆವು. ಪಠ್ಯಪುಸ್ತಕದಲ್ಲಿ ಐದು ಕಾರಣಗಳಿದ್ದುವು. ಕಾರಣಕ್ಕೆ ಎರಡರಂತೆ ಅಂಕವೆಂದು ನಾವು ಗೊತ್ತುಮಾಡಿಕೊಂಡಿದ್ದೆವು. ಒಬ್ಬ ಹುಡುಗನು ಆ ಐದರಲ್ಲಿ ಒಂದನ್ನು ಅರೆಬರೆಯಾಗಿ ಬರೆದು, ಉಳಿದ ಪುಟವನ್ನೆಲ್ಲ ಹೊಳೆಯ ವಿಷಯದಿಂದ ತುಂಬಿಸಿದ್ದನು. ಅವನಿಗೆ ಒಂದು ಅಂಕ ಸಂದಿತು. ಒಟ್ಟು ಮೊತ್ತ 31. ತೇರ್ಗಡೆಗೆ 35 ಬೇಕಾಗಿತ್ತು. ಉಳಿದ ವಿಷಯಗಳಲ್ಲಿ ಹೇಗೋ ದಾಟಿದ್ದ ಅವನು ಇದೊಂದರಿಂದ ನಿಂತುಹೋದನು. ಆ ಬೇಸಗೆಯಲ್ಲಿಯೇ ಅವನ ತಂದೆ ಅವನನ್ನು ಶಾಲೆ ಬಿಡಿಸಿ ಆಲೆಮನೆಯ ಕೆಲಸಕ್ಕೆ ಹಚ್ಚಿದನೆಂದು ಕೇಳಿದೆವು, ಮರೆತೆವು.

ಹನ್ನೆರಡು ವರ್ಷಗಳ ಮೇಲೆ, 1991ರಲ್ಲಿ, ಅಟ್ಟವನ್ನು ತೆರವು ಮಾಡುವಾಗ ಆ ಹಳೆಯ ಉತ್ತರಪತ್ರಿಕೆಗಳ ಕಟ್ಟು ಕೈಗೆ ಬಂದಿತು. ದೂಳನ್ನು ಕೊಡವಿ ಒಂದೊಂದನ್ನಾಗಿ ಓದುತ್ತ ಬಂದಾಗ ಹೊಳೆಯ ಉತ್ತರವೂ ಬಂದಿತು. ಕೋಟೆ ಒಡೆದದ್ದು ಮೇ ತಿಂಗಳಲ್ಲಿ. ಆಗ ಹೊಳೆಯಲ್ಲಿ ನೀರು ಕಡಮೆ, ಬಂಡೆಗಳು ಕಾಣುತ್ತವೆ, ದಾಟಬಹುದು. ಮುಂಗಾರು ಹಿಡಿದು ಹೊಳೆ ತುಂಬಿದ್ದರೆ ಶತ್ರುಗಳು ದಾಟಲು ಆಗುತ್ತಿರಲಿಲ್ಲ. ಆದುದರಿಂದ ಅವರು ಅವಸರ ಮಾಡಿದರು. ತಾತನ ಜೊತೆಯಲ್ಲಿ ಹೋಗಿ ಕೋಟೆ ಒಡೆದ ಜಾಗವನ್ನು ತಾನು ನೋಡಿರುವುದಾಗಿಯೂ ಅವನು ಬರೆದಿದ್ದನು. ಕಾಗುಣಿತ ತಪ್ಪಿತ್ತು, ವಾಕ್ಯಗಳು ಕುಂಟುತ್ತಿದ್ದುವು. ಆದರೆ ಅವನು ಹೇಳಿದುದು ನಿಜ. ಮಳೆಗಾಲಕ್ಕೆ ಮುಂಚೆ ಮುತ್ತಿಗೆಯನ್ನು ಮುಗಿಸಲೇಬೇಕೆಂಬುದು ಇಂಗ್ಲಿಷರ ಸೇನಾಪತಿಗಳ ದೊಡ್ಡ ಚಿಂತೆಯಾಗಿತ್ತೆಂಬುದನ್ನು ಆ ಯುದ್ಧದ ಚರಿತ್ರೆಯನ್ನು ಓದಿದವರೆಲ್ಲ ಬಲ್ಲರು. ಆ ತರಗತಿಯಲ್ಲಿ ಕಾರಣವೆಂದರೇನೆಂಬುದನ್ನು ತಾನೇ ಯೋಚಿಸಿ ಬರೆದವನು ಅವನೊಬ್ಬನೇ. ಈ ಸಲ ನಾವು ಅದಕ್ಕೆ ಆರು ಅಂಕಗಳನ್ನು ಕೊಟ್ಟೆವು. ಮೊತ್ತ 36 ಆಯಿತು.

ಮನಸ್ಸು ತಡೆಯದೆ ಆ ಊರಿಗೆ ಹೋಗಿ ವಿಚಾರಿಸಿದೆವು. ಹುಡುಗನು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದುವು. ಜಗಲಿಯ ಮೇಲೆ ಕುಳಿತಿದ್ದ ಅವನ ತಂದೆ ನಮ್ಮನ್ನು ಗುರುತಿಸಿ, ಎದ್ದು ಕೈಮುಗಿದು, “ಓದು ಅವನ ತಲೆಗೆ ಹತ್ತಾಕಿಲ್ಲ ಅಂತ ನೀವೇ ಬರ್ದು ಕಳಿಸಿದ್ರಲ್ಲ ಸ್ವಾಮಿ. ತಿಳಿದೋರು ಸುಮ್ನೆ ಬರೀತಾರಾ ಅಂತ ನಾನೂ ಬಿಡಿಸ್ಬುಟ್ಟೆ” ಎಂದನು. ಅವನ ದನಿಯಲ್ಲಿ ದೂರು ಇರಲಿಲ್ಲ. ನಾವು ಹಾಗೆ ಬರೆದಿರಲಿಲ್ಲ; ಬರೆದಿದ್ದುದು ಒಂದು ಸಂಖ್ಯೆ ಮಾತ್ರ. ಅದನ್ನು ಓದಿದವನು ಹಾಗೆ ಅರ್ಥ ಮಾಡಿಕೊಂಡದ್ದು ಅವನ ತಪ್ಪಲ್ಲ. ಜೇಬಿನಲ್ಲಿದ್ದ ಉತ್ತರಪತ್ರಿಕೆಯನ್ನು ಹೊರಗೆ ತೆಗೆಯುವ ಧೈರ್ಯ ನಮಗೆ ಬರಲಿಲ್ಲ.

ಇಂತಹ ತಪ್ಪುಗಳನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದಲೇ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬುದ್ಧಿಮಾಪನವೆಂಬ ಹೊಸ ಶಾಸ್ತ್ರ ಹುಟ್ಟಿತು. ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಶಿಕ್ಷಣವನ್ನು ಕೊಡುವ ಬಗೆಯನ್ನು ಯೋಚಿಸಲು ಫ್ರಾನ್ಸಿನ ಸರ್ಕಾರವು 1904ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಆಲ್ಫ್ರೆಡ್ ಬೀನೆ ಎಂಬ ಮನಶ್ಶಾಸ್ತ್ರಜ್ಞರು, ಸೀಮೋ ಎಂಬ ವೈದ್ಯರ ಸಹಾಯದಿಂದ, 1905ರಲ್ಲಿ 30 ಪರೀಕ್ಷೆಗಳುಳ್ಳ ಒಂದು ಮಾಪಕವನ್ನು ಪ್ರಕಟಿಸಿದರು. ಚೀನಾದ ಹಳೆಯ ಪರೀಕ್ಷೆ ಅಳಿದುದೂ ಈ ಹೊಸ ಪರೀಕ್ಷೆ ಹುಟ್ಟಿದುದೂ ಒಂದೇ ವರ್ಷ. ಮಗುವಿನ ಎದುರಿಗೆ ಕುಳಿತು, ಮೆಲ್ಲನೆ ಮಾತನಾಡಿಸಿ, ಅದು ಪುಸ್ತಕದಿಂದ ಕಲಿತುದನ್ನಲ್ಲ, ಅದರ ಗ್ರಹಿಕೆ ವಿವೇಚನೆಗಳನ್ನು ನೋಡುವುದು ಅದರ ಗುರಿ. ಬೀನೆಯವರು ಈ ಸಂಖ್ಯೆಯನ್ನು ಹಣೆಯ ಬರಹವೆಂದು ಎಣಿಸಲಿಲ್ಲ. ಬುದ್ಧಿಯೆಂಬುದು ಹುಟ್ಟಿದಷ್ಟೇ, ಬೆಳೆಯಲಾರದು ಎಂಬ ನಿರಾಶಾವಾದವನ್ನು ಅವರು 1909ರ ಗ್ರಂಥದಲ್ಲಿ ಕಟುವಾಗಿ ಖಂಡಿಸಿದರು. ತಕ್ಕ ಅಭ್ಯಾಸದಿಂದ ಮಗುವಿನ ಗಮನ, ಸ್ಮರಣೆ, ವಿವೇಚನೆಗಳನ್ನು ಬೆಳೆಯಿಸಬಹುದೆಂದು ವಾದಿಸಿದರು. ಅವರ ಪಾಲಿಗೆ ಆ ಮಾಪಕವು ವೈದ್ಯನು ನಾಡಿ ಹಿಡಿದು ನೋಡುವಂತಹುದು. ನಾಡಿ ನೋಡುವುದು ಔಷಧ ಕೊಡುವುದಕ್ಕಾಗಿಯೇ ಹೊರತು ರೋಗಿಯನ್ನು ಹೊರಗೆ ಅಟ್ಟುವುದಕ್ಕಲ್ಲ.

1911ರಲ್ಲಿ ಬೀನೆಯವರು ತೀರಿಕೊಂಡರು. ಮಾಪಕವು ಸಮುದ್ರವನ್ನು ದಾಟಿತು. ಅಮೆರಿಕದ ಟರ್ಮನ್ ಅವರು 1916ರಲ್ಲಿ ಅದನ್ನು ಪರಿಷ್ಕರಿಸಿ ಬುದ್ಧಿಲಬ್ಧವೆಂಬ ಒಂದೇ ಸಂಖ್ಯೆಗೆ ಪ್ರಚಾರ ಕೊಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಆ ದೇಶದ ಸುಮಾರು ಹದಿನೇಳು ಲಕ್ಷ ಸೈನಿಕರನ್ನು ಗುಂಪುಗುಂಪಾಗಿ ಪರೀಕ್ಷಿಸಿದರು. ಆ ಅಂಕಗಳನ್ನೇ ಆಧಾರ ಮಾಡಿಕೊಂಡು ಬ್ರಿಗಮ್ ಎಂಬ ಪ್ರಾಧ್ಯಾಪಕರು 1923ರಲ್ಲಿ, ಯೂರೋಪಿನ ಕೆಲವು ಜನಾಂಗಗಳು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕೀಳೆಂದು ಬರೆದರು. ಹೊಸದಾಗಿ ಬಂದು ಇಂಗ್ಲಿಷನ್ನೂ ಅಮೆರಿಕದ ನಡೆನುಡಿಯನ್ನೂ ಇನ್ನೂ ಅರಿಯದವರು ಆ ಪ್ರಶ್ನೆಗಳಿಗೆ ಹೇಗೆ ತಾನೇ ಉತ್ತರ ಕೊಟ್ಟಾರು ಎಂಬ ಸರಳವಾದ ವಿಚಾರ ಅಂದು ಹೊಳೆಯಲಿಲ್ಲ. 1930ರಲ್ಲಿ ಬ್ರಿಗಮ್ ಅವರೇ ತಮ್ಮ ವಾದಕ್ಕೆ ತಳಹದಿಯಿಲ್ಲವೆಂದು ಒಪ್ಪಿಕೊಂಡರು; ಅದು ಅವರ ದೊಡ್ಡತನ. ಆದರೆ ವಲಸೆಯನ್ನು ಬಿಗಿಮಾಡಿದ ಶಾಸನ 1924ರಲ್ಲಿಯೇ ಆಗಿಹೋಗಿತ್ತು. ಇಂಗ್ಲೆಂಡಿನಲ್ಲಿ 1944ರ ಶಾಸನದ ಮೇಲೆ ಹನ್ನೊಂದನೆಯ ವಯಸ್ಸಿನ ಮಕ್ಕಳನ್ನು ಒಂದು ದಿನದ ಪರೀಕ್ಷೆಯಿಂದ ಬೇರೆಬೇರೆ ಬಗೆಯ ಶಾಲೆಗಳಿಗೆ ಹಂಚುವ ಪದ್ಧತಿ ಹರಡಿತು. ಬುದ್ಧಿಯ ಬಹುಭಾಗ ಹುಟ್ಟಿನಿಂದಲೇ ನಿಶ್ಚಯವಾದುದೆಂದು ಬೋಧಿಸುತ್ತಿದ್ದ ಸಿರಿಲ್ ಬರ್ಟ್ ಅವರ ಅಂಕಿಅಂಶಗಳು ನಂಬಲರ್ಹವಲ್ಲವೆಂಬ ಶಂಕೆ, ಅವರು 1971ರಲ್ಲಿ ತೀರಿಕೊಂಡ ಮೇಲೆ ಬಲವಾಯಿತು.

ಈ ಶಾಸ್ತ್ರದ ಕವಲೊಂದು ನಮ್ಮ ಮೈಸೂರಿಗೂ ಬಂದಿತು. ಲಂಡನ್ನಿನಲ್ಲಿ ಸ್ಪಿಯರ್ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಪಾಶ್ಚಾತ್ಯ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕಾರ್ಯದಲ್ಲಿ ತೊಡಗಿದರು. ಉತ್ತರದಲ್ಲಿ, ಮುಂಬಯಿ ಕರ್ನಾಟಕದಲ್ಲಿ, ವಿ. ವಿ. ಕಾಮತ್ ಅವರು ಬೀನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ, 1940ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಪ್ಯಾರಿಸ್ಸಿನ ಮಗು ಬಲ್ಲ ನಾಣ್ಯವನ್ನೂ ಚಿತ್ರವನ್ನೂ ಧಾರವಾಡದ ಮಗು ಅರಿಯದು. ಅರಿಯದುದನ್ನು ಕೇಳಿ ಮಗುವನ್ನು ದಡ್ಡನೆನ್ನುವುದು ಕೇಳುವವನ ದಡ್ಡತನ. ಈ ಅರಿವಿನಿಂದ ಪ್ರಶ್ನೆಗಳನ್ನು ನಮ್ಮ ನುಡಿಗೂ ಬದುಕಿಗೂ ಒಗ್ಗಿಸಿದ ಇವರ ಶ್ರಮವನ್ನು ಕನ್ನಡಿಗರು ನೆನೆಯಬೇಕು. ಗೋಪಾಲಸ್ವಾಮಿಯವರಾದರೋ ಇನ್ನೊಂದು ಕೆಲಸವನ್ನೂ ಮಾಡಿದರು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ತೆರೆದರು. ಆಕಾಶವಾಣಿಯೆಂಬ ಹೆಸರು ಬಾನುಲಿಗೆ ಬಳಕೆಯಾದುದು ಅಲ್ಲಿ. ಮನುಷ್ಯನ ಬುದ್ಧಿಯನ್ನು ಅಳೆಯುವ ಶಾಸ್ತ್ರವನ್ನು ತಂದವರೇ, ಯಾರನ್ನೂ ಅಳೆಯದೆ ಎಲ್ಲರಿಗೂ ವಿದ್ಯೆಯನ್ನು ಹಂಚುವ ಯಂತ್ರವನ್ನೂ ತಂದರು. ಬಾನುಲಿಯ ಮುಂದೆ ಕುಳಿತವನಿಗೆ ಪ್ರವೇಶ ಪರೀಕ್ಷೆಯಿಲ್ಲ. ಕೇಳಿ ಮುಗಿದ ಮೇಲೆ ಅಂಕಪಟ್ಟಿಯೂ ಇಲ್ಲ.

ಪರೀಕ್ಷೆಯಲ್ಲಿ ಎಡವಿದ ಮಹಾಪುರುಷರ ಪಟ್ಟಿಯನ್ನು ಹೇಳಿ ಸಮಾಧಾನ ಮಾಡುವುದು ನಮ್ಮಲ್ಲಿ ರೂಢಿ. ಮೆಟ್ರಿಕ್ಯುಲೇಷನ್ ದಾಟದ ಡಿ. ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಆರ್. ಕೆ. ನಾರಾಯಣರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಸೋತು, ಒಂದು ವರ್ಷ ಕುಕ್ಕನಹಳ್ಳಿ ಕೆರೆಯ ಬಳಿ ಪುಸ್ತಕ ಓದುತ್ತ ಕಳೆದರು. ಇವು ಸತ್ಯವಾದ ಮಾತುಗಳೇ. ಆದರೆ ಇವುಗಳಿಂದ ನಮಗೆ ಪೂರ್ತಿ ಸಮಾಧಾನವಿಲ್ಲ. ಪ್ರತಿಭೆಯುಳ್ಳವರು ಗೋಡೆಯನ್ನು ಸೀಳಿಕೊಂಡಾದರೂ ಬೆಳೆಯುವ ಅರಳಿಯ ಸಸಿಯಂತೆ. ಲೋಕವೆಲ್ಲ ಅರಳಿಯ ಸಸಿಗಳಲ್ಲ. ಒಂದಿಷ್ಟು ನೀರು, ಒಂದಿಷ್ಟು ಬೇಲಿ ಇದ್ದರೆ ಮಾತ್ರ ಫಲ ಕೊಡುವ ಸಾಧಾರಣ ಗಿಡಗಳೇ ಹೆಚ್ಚು. ನಮ್ಮ ಹೊಳೆಯ ದಡದ ಹುಡುಗನು ಅಂಥವನು.

1948ರಲ್ಲಿ ನೇಮಕವಾದ ಡಾಕ್ಟರ್ ರಾಧಾಕೃಷ್ಣನ್ ಅವರ ಆಯೋಗವು, ವಿಶ್ವವಿದ್ಯಾನಿಲಯದ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕೆಂದರೆ ಅದು ಪರೀಕ್ಷೆಗಳ ಸುಧಾರಣೆಯೇ ಆಗಬೇಕೆಂದು ಹೇಳಿತು. ಅಮೆರಿಕದ ಬೆಂಜಮಿನ್ ಬ್ಲೂಮ್ ಅವರ ಸಲಹೆಯನ್ನು ಪಡೆದು 1958ರಲ್ಲಿ ಕೇಂದ್ರ ಪರೀಕ್ಷಾ ಘಟಕವೂ ಸ್ಥಾಪಿತವಾಯಿತು. ನೆನಪಿನ ಜೊತೆಗೆ ಗ್ರಹಿಕೆಯನ್ನೂ ವಿವೇಚನೆಯನ್ನೂ ಪರೀಕ್ಷಿಸುವ ಪ್ರಶ್ನೆಗಳು ಮೆಲ್ಲಮೆಲ್ಲನೆ ಬಂದುವು. ಯಂತ್ರವೇ ಓದಬಲ್ಲ ಉತ್ತರಪತ್ರಿಕೆಗಳೂ ಬಂದುವು. ಯಂತ್ರವು ತನ್ನೊಡನೆ ತಾನು ಭಿನ್ನಾಭಿಪ್ರಾಯ ತಾಳುವುದಿಲ್ಲ. ಅದು ಅದರ ಗುಣ. ಆದರೆ ನಾಲ್ಕು ಉತ್ತರಗಳಲ್ಲಿ ಇಲ್ಲದ ಐದನೆಯದನ್ನು, ಹೊಳೆಯ ನೀರಿನ ಉತ್ತರವನ್ನು, ಅದು ಎಂದಿಗೂ ಓದಲಾರದು. 2009ರ ಶಿಕ್ಷಣದ ಹಕ್ಕಿನ ಶಾಸನವು ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಬಾರದೆಂದು ವಿಧಿಸಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಹಾಗೆ ನಿಲ್ಲಿಸಲು ಸರ್ಕಾರಗಳಿಗೆ ಅವಕಾಶವನ್ನು ಕೊಟ್ಟಿತು. ಮಗುವನ್ನು ನಿಲ್ಲಿಸಬೇಕೇ ಬೇಡವೇ ಎಂಬ ವಾದ ಮುಗಿಯುವಂತಹುದಲ್ಲ. ನಿಲ್ಲಿಸಿದರೆ ಆಲೆಮನೆ ಕಾದಿರುತ್ತದೆ. ಕಲಿಸದೆ ಮುಂದೆ ತಳ್ಳಿದರೆ ಮಗು ತರಗತಿಯಲ್ಲಿಯೇ ಕಳೆದುಹೋಗುತ್ತದೆ.

ಹಾಗಾದರೆ ಪರೀಕ್ಷೆ ಬೇಡವೇ? ಬೇಡವೆನ್ನಲು ನಮಗೆ ಬಾಯಿ ಬಾರದು. ಅದು ಹೋದರೆ ಮತ್ತೆ ಬರುವುದು ಅಣ್ಣನ ಮಗನೂ ಗೆಳೆಯನ ಅಳಿಯನೂ. ಆದರೆ ಪರೀಕ್ಷೆಯೆಂಬ ಮಾತಿನ ಮೂಲಾರ್ಥವನ್ನಾದರೂ ನಾವು ನೆನೆಯಬಹುದು. ಪರಿ ಎಂದರೆ ಸುತ್ತಲೂ. ಈಕ್ಷಿಸು ಎಂದರೆ ನೋಡು. ಸುತ್ತಲೂ ತಿರುಗಿಸಿ ನೋಡುವುದೇ ಪರೀಕ್ಷೆ. ರತ್ನವನ್ನು ಪರೀಕ್ಷಿಸುವವನು ಅದನ್ನು ಒಂದೇ ಮಗ್ಗುಲಿನಿಂದ, ಒಂದೇ ಬೆಳಕಿನಲ್ಲಿ, ಒಂದೇ ಸಲ ನೋಡಿ ಬೆಲೆ ಕಟ್ಟುವುದಿಲ್ಲ. ಮಗುವನ್ನು ಮಾತ್ರ ನಾವು ಮೂರು ಗಂಟೆಗಳ ಒಂದು ಬೆಳಗಿನಲ್ಲಿ, ಒಂದೇ ಮಗ್ಗುಲಿನಿಂದ ನೋಡಿ ಬೆಲೆ ಕಟ್ಟುತ್ತೇವೆ. ಆ ಬೆಲೆಯನ್ನು ತೊಳೆಯಲಾಗದ ಶಾಯಿಯಲ್ಲಿ ಬರೆಯುತ್ತೇವೆ.

ಅಂಕಪಟ್ಟಿಯನ್ನು ಓದುವ ತಂದೆತಾಯಿಗಳಲ್ಲಿಯೂ, ಅದನ್ನು ಬರೆಯುವ ಉಪಾಧ್ಯಾಯರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಮಗು ಆ ಹೊತ್ತಿನಲ್ಲಿ, ಆ ಪ್ರಶ್ನೆಗೆ, ಆ ಪರೀಕ್ಷಕನ ಕಣ್ಣಿಗೆ ಹೇಗೆ ಕಂಡಿತೆಂಬುದಕ್ಕಿಂತ ಹೆಚ್ಚಿನದೇನೂ ಆ ಸಂಖ್ಯೆಯಲ್ಲಿಲ್ಲ. ಗಡಿಯಲ್ಲಿ ನಿಂತ ಉತ್ತರಪತ್ರಿಕೆಯನ್ನು ಮತ್ತೊಮ್ಮೆ ಓದಿದರೆ ಕಳೆದುಹೋಗುವುದು ಕಾಲು ಗಂಟೆ. ಓದದಿದ್ದರೆ ಕಳೆದುಹೋಗುವುದು ಏನೆಂಬುದನ್ನು ನಾವು ಬಲ್ಲೆವು. ಬಳ್ಳಾರಿಯ ಆ ಐಗಳು ಅಂಗೈಯ ಮೇಲೆ ಸೊನ್ನೆಯನ್ನು ಬರೆಯುತ್ತಿದ್ದುದು ನಿಜ. ಆದರೆ ಮರುದಿನ ಬೆಳಗಾಗುವ ಹೊತ್ತಿಗೆ ಮಕ್ಕಳೆಲ್ಲರ ಅಂಗೈಗಳೂ ಬರಿದಾಗಿರುತ್ತಿದ್ದುವು. ಐಗಳು ಬಾಗಿಲಲ್ಲಿ ಕುಳಿತು ಮತ್ತೆ ಕಾಯುತ್ತಿದ್ದರು.